ಗ್ರೀಸಿಗೆ ಹೊರಡುವ ಮುನ್ನ ನಾಲ್ಕು ಮಾತು

ಪರದೇಶಕ್ಕೆ ಹೊರಡುವವರು ಉಣ್ಣೆಯ ಅಂಗಿ, ಅವಲಕ್ಕಿ, ಉಪ್ಪಿನಕಾಯಿಗಳನ್ನು ಮರೆಯದೆ ಕಟ್ಟಿಕೊಳ್ಳುತ್ತಾರೆ. ಆ ದೇಶದ ಮಾತನ್ನು ಕಟ್ಟಿಕೊಳ್ಳುವವರು ಕಡಮೆ. ಇಂಗ್ಲಿಷ್ ಬಂದರೆ ಸಾಲದೆ ಎಂದು ನೀವು ಕೇಳಬಹುದು. ಅಥೆನ್ಸಿನ ಹೋಟೆಲುಗಳಲ್ಲಿ ಸಾಕಾದೀತು. ಹಳ್ಳಿಯ ಬಸ್ಸಿನಲ್ಲಿ, ಸಂತೆಯಲ್ಲಿ, ದಾರಿ ತಪ್ಪಿ ಮುದುಕಿಯೊಬ್ಬಳ ಮನೆಯ ಬಾಗಿಲು ತಟ್ಟುವಾಗ ಸಾಲದು. ಅಲ್ಲಿ ಬೇಕಾಗುವುದು ಇಪ್ಪತ್ತು ಮೂವತ್ತು ಪದಗಳು ಮಾತ್ರ. ಒಂದು ವಾರದ ಸಂಜೆಗಳಲ್ಲಿ ಅವನ್ನು ಕಲಿತುಬಿಡಬಹುದು.

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನವರಿಗೆ ಗ್ರೀಕ್ ಬಹು ದೂರದ ಭಾಷೆಯೆಂದು ತೋರೀತು. ಆದರೆ ಅದರ ಒಂದು ಪದ ಆಗಲೇ ಅವರ ಊರಿಗೆ ಬಂದಿದೆ. ಅಮೃತಮಹಲ್ ದನಗಳು ಮೇದ ಆ ಹುಲ್ಲುಬಯಲಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೂ ನೆಲ ಸಂದಿದೆಯಷ್ಟೆ. ನಾವು 'ಆಟಂ' ಎನ್ನುವ ಮಾತು ಗ್ರೀಕರ 'ಆತೊಮೊ'. 'ಅ' ಎಂದರೆ ಇಲ್ಲ, ನಮ್ಮ 'ಅಚಲ'ದಲ್ಲಿರುವ 'ಅ'ಕಾರವೇ ಅದು. 'ತೊಮ್' ಎಂದರೆ ಕಡಿಯುವುದು. ಕಡಿಯಲಾಗದ್ದು ಆತೊಮೊ. ಇಂದಿನ ಗ್ರೀಕಿನಲ್ಲಿ ಅದೇ ಪದಕ್ಕೆ 'ಒಬ್ಬ ಮನುಷ್ಯ' ಎಂಬ ಅರ್ಥವೂ ಉಂಟು. ಊಟದ ಮನೆಗೆ ಹೋದರೆ ಬಡಿಸುವವನು "ಪೋಸ ಆತೊಮ?" ಎನ್ನುತ್ತಾನೆ. ಉಳ್ಳಾರ್ತಿಯ ವಿಜ್ಞಾನಿ ಬೆಚ್ಚಬೇಕಾಗಿಲ್ಲ. ಎಷ್ಟು ಜನ ಬಂದಿರಿ ಎಂದು ಕೇಳಿದನು, ಅಷ್ಟೆ.

ಉಚ್ಚಾರಣೆಯಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಗ್ರೀಕರ 'ತ' ನಮ್ಮ 'ತ'ವೇ. ಇಂಗ್ಲಿಷಿನ ಅಭ್ಯಾಸದಿಂದ ಅದನ್ನು 'ಟ' ಮಾಡಬೇಡಿ. 'ಕ', 'ಪ'ಗಳೂ ನಮ್ಮವೇ, ಉಸಿರಿನ ಒತ್ತಿಲ್ಲದವು. ಟ, ಡ, ಣ, ಳ ಅವರಲ್ಲಿ ಇಲ್ಲ. ಕಷ್ಟ ಕೊಡುವವು ಎರಡು ಮೂರು. ಅವರ 'ದ' ಇಂಗ್ಲಿಷಿನ 'ದಿಸ್' ಎಂಬಲ್ಲಿರುವಂತೆ ಹಲ್ಲಿನ ನಡುವೆ ಗಾಳಿ ಜಾರಿಸಿ ಹೇಳುವಂಥದು. 'ಖ' ಮತ್ತು 'ಘ'ಗಳನ್ನು ಗಂಟಲಿನಲ್ಲಿ ಉಜ್ಜಿ ಹೇಳಬೇಕು.

ಸ್ವರಗಳು ಐದೇ. ನಮ್ಮಂತೆ ಹ್ರಸ್ವ ದೀರ್ಘಗಳ ಭೇದವಿಲ್ಲ. ಬದಲಿಗೆ ಪದದ ಒಂದು ಅಕ್ಷರದ ಮೇಲೆ ಒತ್ತು ಬೀಳುತ್ತದೆ. ಬರಹದಲ್ಲಿ ಆ ಸ್ವರದ ನೆತ್ತಿಯ ಮೇಲೆ ಗೀಟೊಂದನ್ನು ಹಾಕಿ ತೋರಿಸುತ್ತಾರೆ. ಇಲ್ಲಿ ಆ ಅಕ್ಷರಕ್ಕೆ ದೀರ್ಘ ಕೊಟ್ಟು ಬರೆದಿದೆ. ಇದನ್ನು ಕಡೆಗಣಿಸಬಾರದು. 'ಪೋತೆ' ಎಂದರೆ ಯಾವಾಗ. 'ಪೊತೇ' ಎಂದರೆ ಎಂದಿಗೂ ಇಲ್ಲ. ಬಸ್ಸು ಯಾವಾಗ ಎಂದು ಕೇಳಹೋಗಿ ಬಸ್ಸು ಎಂದಿಗೂ ಇಲ್ಲವೆಂದು ನೀವೇ ಸಾರಿಬಿಟ್ಟೀರಿ.

ಇನ್ನು ಮಾತುಗಳು. ಬೆಳಗಿನ ವಂದನೆಗೆ 'ಕಲಿಮೇರ', ಸಂಜೆಗೆ 'ಕಲಿಸ್ಪೇರ', ಮಲಗುವಾಗ 'ಕಲಿನೀಖ್ತ'. ಎಲ್ಲ ಹೊತ್ತಿಗೂ ಸಲ್ಲುವುದು 'ಯಾ ಸಾಸ್'. ಸಲಿಗೆಯವರಿಗೆ, ಮಕ್ಕಳಿಗೆ 'ಯಾ ಸೂ'. ಇದು ನಮ್ಮ ನೀವು, ನೀನು ಎಂಬ ಭೇದವೇ. ಅವರೂ ಗೌರವಕ್ಕೆ ಬಹುವಚನವನ್ನೇ ಬಳಸುತ್ತಾರೆ. ದಯವಿಟ್ಟು ಎನ್ನಲು 'ಪರಕಲೋ', ಉಪಕಾರವಾಯಿತು ಎನ್ನಲು 'ಎಫ್‌ಖರಿಸ್ತೋ', ಕ್ಷಮಿಸಿ ಎನ್ನಲು 'ಸಿಘ್ನೋಮಿ'. ಬೆಲೆ ಎಷ್ಟು? 'ಪೋಸೊ ಕಾನಿ?' ಎಲ್ಲಿದೆ? 'ಪೂ ಈನೆ?' ನನಗೆ ಅರ್ಥವಾಗಲಿಲ್ಲ: 'ದೆನ್ ಕತಲವೇನೊ'. ನೀರು 'ನೆರೋ'. ಇದು ನಮ್ಮ ನೀರಿನ ನೆಂಟನೆಂದು ಹಿಗ್ಗಬೇಡಿ. 'ಹೊಸ ನೀರು' ಎಂಬ ಹಳೆಯ ಗ್ರೀಕ್ ಮಾತಿನಲ್ಲಿ 'ಹೊಸ' ಎಂಬುದಷ್ಟೇ ಉಳಿದು ಹೀಗಾಗಿದೆ. ನೆನಪಿಗೆ ಮಾತ್ರ ಒಳ್ಳೆಯ ಆಸರೆ.

ನಿಜವಾದ ನೆಂಟಸ್ತನ ಸಂಸ್ಕೃತದೊಡನೆ. ದ್ವಿ, ತ್ರಿ, ಸಪ್ತ, ಅಷ್ಟ, ದಶ ಎಂಬುವನ್ನು ಬಲ್ಲವರಿಗೆ ದೀಓ, ತ್ರೀಅ, ಎಪ್ತಾ, ಒಕ್ತೋ, ದೇಕ ಎಂಬುವು ಒಂದೇ ಸಲಕ್ಕೆ ಬಾಯಿಗೆ ಬರುತ್ತವೆ.

ಎಲ್ಲಕ್ಕಿಂತ ಎಚ್ಚರಿಕೆ ಬೇಕಾದದ್ದು ಹೌದು, ಅಲ್ಲಗಳಲ್ಲಿ. 'ನೇ' ಎಂದರೆ ಹೌದು. 'ಓಖಿ' ಎಂದರೆ ಅಲ್ಲ. ಹಿಂದಿಯ 'ನಹೀ', ಇಂಗ್ಲಿಷಿನ 'ನೋ' ಕೇಳಿದ ನಮ್ಮ ಕಿವಿ 'ನೇ' ಎಂಬುದನ್ನು ನಿರಾಕರಣೆಯೆಂದೇ ತಿಳಿಯುತ್ತದೆ. ಸಸ್ಯಾಹಾರಿಯೊಬ್ಬರು ತಟ್ಟೆ ತೋರಿಸಿ 'ಏಖಿ ಕ್ರೇಅಸ್?', ಇದರಲ್ಲಿ ಮಾಂಸವಿದೆಯೆ, ಎಂದು ಕೇಳಿ, 'ನೇ' ಎಂಬ ಉತ್ತರಕ್ಕೆ ಸಮಾಧಾನಪಟ್ಟು ಉಣ್ಣತೊಡಗಿದರೆ ಗತಿಯೇನು? ತಲೆಯಾಡಿಸುವುದೂ ಬೇರೆ: ತಲೆಯನ್ನು ಮೇಲಕ್ಕೆತ್ತಿ ಹುಬ್ಬೇರಿಸಿದರೆ ಅಲ್ಲ ಎಂದರ್ಥ. ನಾವು ಒಪ್ಪಿಗೆಗೆ ತಲೆಯನ್ನು ಅತ್ತಿತ್ತ ತೂಗುವುದು ಅವರಿಗೆ ತಿಳಿಯದು. ಬಾಯಿಬಿಟ್ಟು ಹೇಳುವುದೇ ಕ್ಷೇಮ. ಮಾಂಸ ಬೇಡವೆನ್ನಲು 'ಖೊರೀಸ್ ಕ್ರೇಅಸ್'. ಚರ್ಚಿನ ಉಪವಾಸದ ಅಡಿಗೆಗೆ 'ನಿಸ್ತೀಸಿಮೊ' ಎನ್ನುತ್ತಾರೆ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ, ಆದರೆ ಸಿಗಡಿ ಮೊದಲಾದ ಕಡಲ ಜೀವಿಗಳು ಇರಬಹುದು. ಆಪತ್ತಿನಲ್ಲಿ ಕೂಗಬೇಕಾದ ಮಾತು 'ವೊಈಥಿಯ', ಸಹಾಯ ಮಾಡಿ, ವೈದ್ಯನಿಗೆ 'ಯತ್ರೋಸ್'. ಟೆಲಿಫೋನಿನಲ್ಲಿ 112 ಒತ್ತಿದರೆ ನೆರವು ದೊರೆಯುತ್ತದೆ.

ಪರರ ಮಾತಿನಲ್ಲಿ ಪರರೊಡನೆ ಮಾತನಾಡುವ ಈ ಸೌಜನ್ಯ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಅವು ಪ್ರಾಕೃತದಲ್ಲಿವೆ. ಬರೆದ ಚಪಡನು ಕೊನೆಯಲ್ಲಿ 'ಲಿಪಿಕಾರ' ಎಂಬ ತನ್ನ ಕಸುಬಿನ ಮಾತೊಂದನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಆ ವಾಯವ್ಯ ಸೀಮೆಯ ಕಂದಹಾರದಲ್ಲಿ 1958ರಲ್ಲಿ ಇದೇ ಅಶೋಕನ ಇನ್ನೊಂದು ಶಾಸನ ದೊರಕಿತು. ಅದು ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿದೆ. ಅಲ್ಲಿ ನೆಲಸಿದ್ದ ಗ್ರೀಕರಿಗೆ ಚಕ್ರವರ್ತಿ ತನ್ನ 'ಧಮ್ಮ'ವನ್ನು ಹೇರಲಿಲ್ಲ. ಅವರದೇ 'ಯೂಸೆಬೇಯ' ಎಂಬ, ಭಕ್ತಿಶ್ರದ್ಧೆಗಳ ಅರ್ಥದ ಪದದಿಂದ ಅದನ್ನು ತಿಳಿಸಿದನು. ತನ್ನ ಪ್ರಿಯದರ್ಶಿ ಎಂಬ ಹೆಸರನ್ನೂ ಅವರ ನಾಲಿಗೆಗೆ ಒಗ್ಗುವಂತೆ ಪಿಯೊದಾಸ್ಸೇಸ್ ಎಂದು ಬರೆಸಿದನು.

ಸಾಮ್ರಾಟನಿಗೆ ಕುಂದಲ್ಲದ್ದು ಪ್ರವಾಸಿಗೆ ಕುಂದಾಗದು. ಚೀಟಿಯೊಂದರ ಮೇಲೆ ಈ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಂಡು, ದಿನಕ್ಕೆ ಐದರಂತೆ ಗಟ್ಟಿಯಾಗಿ ಹೇಳಿ ಕಲಿಯಿರಿ. 'ನೇ', 'ಓಖಿ'ಗಳನ್ನು ಮೊದಲ ದಿನವೇ ಕಲಿಯಿರಿ. 'ಎಫ್‌ಖರಿಸ್ತೋ' ತುಸು ತೊಡಕಿನದು, ಅದಕ್ಕೆ ಎರಡು ದಿನ ಕೊಡಿ. ತಪ್ಪಿ ನುಡಿದರೂ ಅವರು ತಿದ್ದಿ ಹೇಳಿಕೊಡುವರು, ಮಾತು ಅಲ್ಲಿಂದಲೇ ಬೆಳೆಯುವುದು.