ಹಳೇ ಕಂಪ್ಯೂಟರಿಗೆ ‘ವೈನ್’ ಕುಡಿಸುವ ಮುನ್ನ

ಗಾಬರಿ ಬೇಡ, ಅಬಕಾರಿ ಇಲಾಖೆಗೂ ಈ ವೈನಿಗೂ ಸಂಬಂಧವಿಲ್ಲ. ವಿಂಡೋಸ್‌ಗೆಂದು ಬರೆದ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪುಕ್ಕಟೆ ತಂತ್ರಾಂಶವಿದು.

ಪೇಟೆಬೀದಿಯವರಿಗೆ ಇದ್ಯಾಕೆ ಅಂತೀರಾ? ವಿಂಡೋಸ್ 10ಕ್ಕೆ ಇದ್ದ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯ್ತು. ವಿಂಡೋಸ್ 11 ಹಾಕಿಸೋಣವೆಂದರೆ ಅದು ಟಿಪಿಎಂ 2.0 ಎಂಬ ರಕ್ಷಣಾ ವ್ಯವಸ್ಥೆ ಕೇಳುತ್ತದೆ. ಎಷ್ಟೋ ಹಳೇ ಪೆಟ್ಟಿಗೆಗಳಲ್ಲಿ ಅದಿಲ್ಲ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಯಾವ ವ್ಯಾಪಾರಿಗೆ ಮನಸ್ಸು ಬಂದೀತು? ಲಿನಕ್ಸ್ ಬಿಟ್ಟಿ ಸಿಗುತ್ತದೆ, ನಿಜ. ಆದರೆ ಅಂಗಡಿಯ ಬಿಲ್ಲು, ಲಗ್ನಪತ್ರಿಕೆ ಎಲ್ಲ ನಡೆಯುವುದು ವಿಂಡೋಸಿನ ಪ್ರೋಗ್ರಾಂಗಳಲ್ಲಿ.

ವೈನ್ ಇಲ್ಲಿ ದುಭಾಷಿ. ‘ಈ ಕಡತ ತೆರೆ, ಆ ಅಕ್ಷರ ತೋರಿಸು’ ಎಂದು ಪ್ರೋಗ್ರಾಂ ವಿಂಡೋಸಿನ ಭಾಷೆಯಲ್ಲಿ ಕೇಳಿದರೆ, ಅದನ್ನು ಲಿನಕ್ಸಿಗೆ ತಿಳಿಯುವಂತೆ ಹೇಳಿ ಕೆಲಸ ಮಾಡಿಸಿಕೊಡುತ್ತದೆ. 1993ರಲ್ಲಿ ಶುರುವಾದ ಕೆಲಸ, 1.0 ಆವೃತ್ತಿ ಬಂದದ್ದು 2008ರಲ್ಲಿ. ಹದಿನೈದು ವರ್ಷ ಸ್ವಾಮಿ!

ಹಾಗಂತ ಎಲ್ಲವೂ ಓಡೋದಿಲ್ಲ. ಕೆಲವು ತೆರೆಯುತ್ತವೆ, ಪ್ರಿಂಟ್ ಹೊತ್ತಿಗೆ ಮುನಿಸಿಕೊಳ್ಳುತ್ತವೆ. ಡಾಂಗಲ್ ಚುಚ್ಚಿದರೆ ಮಾತ್ರ ತೆರೆಯುವಂಥವು ವಿಂಡೋಸಿನದೇ ಡ್ರೈವರ್ ಬೇಡುತ್ತವೆ. ಅವು ಸಾಮಾನ್ಯವಾಗಿ ಏಳುವುದೇ ಇಲ್ಲ. ಆದ್ದರಿಂದ ರಿಪೇರಿ ಹುಡುಗ ‘ಎಲ್ಲ ಅಳಿಸಿ ಲಿನಕ್ಸ್ ಹಾಕ್ಬಿಡ್ತೀನಿ ಅಣ್ಣ’ ಎಂದರೆ ತಡೆಯಿರಿ. ಲೆಕ್ಕದ ಕಡತಗಳ ಪ್ರತಿ ಮೊದಲು ತೆಗೆದಿಡಿಸಿ. ಲಿನಕ್ಸನ್ನು ಬೇರೆ ಡಿಸ್ಕಿಗೆ ಹಾಕಿಸಿ, ಎದುರಿಗೇ ಒಂದು ಬಿಲ್ಲು ಮಾಡಿ, ಪ್ರಿಂಟ್ ತೆಗೆದು, ಜಿಎಸ್‌ಟಿ ಮೊತ್ತ ಸರಿಯಿದೆಯೇ ನೋಡಿ. ಅಳಿಸುವ ಮಾತು ಆಮೇಲೆ.