ತಲೆಯ ಮೇಲಿನ ತಂತಿಗೆ ಇನ್ನೆಷ್ಟು ಆಯುಷ್ಯ?

ತ್ಯಾಗರಾಜನಗರ, ನರಸಿಂಹರಾಜ ಕಾಲೊನಿ, ಬಸವನಗುಡಿಗಳಂತಹ ಹಳೆಯ ಬಡಾವಣೆಗಳು ಮುಖ್ಯವಾಗಿ ವಾಸದ ಮನೆಗಳಿಗೆಂದು ರೂಪುಗೊಂಡವು. ಇಂದು ಅವೇ ಬೀದಿಗಳಲ್ಲಿ ಅಂಗಡಿ, ಮುದ್ರಣಾಲಯ, ಹಿಟ್ಟಿನ ಗಿರಣಿ, ಹೊಲಿಗೆ ಘಟಕ, ಚಿಕಿತ್ಸಾಲಯಗಳು ನಡೆಯುತ್ತಿವೆ. ಬೇಡಿಕೆ ಇಷ್ಟು ಬೆಳೆದಿದ್ದರೂ ಅದನ್ನು ಹೊರುವ ತಂತಿಯನ್ನು ಎಂದು ಎಳೆದದ್ದು, ಅದು ಇನ್ನೆಷ್ಟು ಕಾಲ ಬಾಳೀತು ಎಂಬ ಪ್ರಶ್ನೆ ನಮಗೆ ಹೊಳೆಯುವುದು ಅದು ತುಂಡಾದ ದಿನ ಮಾತ್ರ. 2023ರ ನವೆಂಬರ್ 19ರಂದು ನಗರದ ಕಾಡುಗೋಡಿಯಲ್ಲಿ ಪಾದಚಾರಿ ಮಾರ್ಗದ ಮೇಲೆ ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದು ತಾಯಿ ಹಾಗೂ ಒಂಬತ್ತು ತಿಂಗಳ ಮಗು ಅಸುನೀಗಿದುದನ್ನು ಓದುಗರು ಮರೆತಿರಲಾರರು. ಉತ್ಪಾದನೆಯ ನಷ್ಟಕ್ಕೆ ಲೆಕ್ಕವುಂಟು; ಇಂತಹ ನಷ್ಟಕ್ಕೆ ಲೆಕ್ಕವಿಲ್ಲ.

ಮೇಲ್ಮಾರ್ಗದ ತಂತಿಗಳು ನಮ್ಮ ನಾಡಿಗೆ ಹೊಸವಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಆದರೆ ನೂರು ವರ್ಷಗಳ ಅನುಭವವಿದ್ದರೂ ತಂತಿಯ ವಯಸ್ಸನ್ನು ಕ್ಯಾಲೆಂಡರ್ ನೋಡಿ ಹೇಳುವ ಅಭ್ಯಾಸ ಹೋಗಿಲ್ಲ. ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ನಿಯಮಗಳಲ್ಲಿ ಪ್ರಸರಣ ಮಾರ್ಗದ ಉಪಯುಕ್ತ ಆಯುಷ್ಯವನ್ನು 35 ವರ್ಷವೆಂದು ಹಿಡಿಯಲಾಗಿದೆ. ಇದು ಸವಕಳಿಯ ಲೆಕ್ಕಕ್ಕೆ ಬೇಕಾದ ಅಂಕಿಯೇ ಹೊರತು ತಂತಿಗೆ ತಿಳಿದಿರುವ ಅಂಕಿಯಲ್ಲ. ಲೆಕ್ಕಪುಸ್ತಕದಲ್ಲಿ ಮೌಲ್ಯ ಕರಗಿದ ಲೇತ್ ಯಂತ್ರ ಕಾರ್ಖಾನೆಯಲ್ಲಿ ದುಡಿಯುತ್ತಲೇ ಇರುವುದನ್ನು ನಮ್ಮ ಉದ್ದಿಮೆದಾರರು ಬಲ್ಲರು.

ಹಾಗಾದರೆ ತಂತಿಯನ್ನು ಮುದಿಯಾಗಿಸುವುದು ಯಾವುದು? ನಮ್ಮಲ್ಲಿ ಹೆಚ್ಚಾಗಿ ಬಳಸುವ ಮೇಲ್ಮಾರ್ಗದ ವಾಹಕವು ಉಕ್ಕಿನ ಎಳೆಯ ಸುತ್ತ ಅಲ್ಯೂಮಿನಿಯಂ ಎಳೆಗಳನ್ನು ಹೊಸೆದದ್ದು, ಎ.ಸಿ.ಎಸ್.ಆರ್. ಎಂಬುದು ಇದರ ರೂಢಿಯ ಹೆಸರು. ಗಾತ್ರಕ್ಕೆ ತಕ್ಕಂತೆ ವೀಸೆಲ್, ರ‍್ಯಾಬಿಟ್, ಕಯೋಟೆ ಎಂದು ಪ್ರಾಣಿಗಳ ಹೆಸರುಗಳೂ ಇವೆ. ರ‍್ಯಾಬಿಟ್ ತಂತಿಯಲ್ಲಿ ಒಂದು ಉಕ್ಕಿನ ಎಳೆ, ಆರು ಅಲ್ಯೂಮಿನಿಯಂ ಎಳೆಗಳು. ಮರದ ಕೊಂಬೆ ತಾಗಿ ಕಿಡಿ ಹಾರಿ ಅಲ್ಯೂಮಿನಿಯಂನ ಒಂದು ಎಳೆ ಕಡಿದರೆ ಅದರ ಪಾಲನ್ನು ಉಳಿದ ಐದು ಹೊರಬೇಕು. ಪ್ರತಿ ಎಳೆಯ ವಿದ್ಯುತ್ ಪ್ರವಾಹ ಶೇಕಡಾ 20ರಷ್ಟು ಏರುತ್ತದೆ. ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಪ್ರತಿ ಎಳೆಯಲ್ಲಿ ಅದು ಶೇಕಡಾ 44ರಷ್ಟು ಹೆಚ್ಚುತ್ತದೆ.

ಇಂತಹ ತಂತಿಯನ್ನು ಸಾಮಾನ್ಯವಾಗಿ 75 ಡಿಗ್ರಿ ಸೆಲ್ಸಿಯಸ್ ಉಷ್ಣತೆಯವರೆಗಿನ ಬಳಕೆಗೆ ವಿನ್ಯಾಸಗೊಳಿಸಲಾಗುತ್ತದೆ. ಅದು 100 ಡಿಗ್ರಿಯ ಆಸುಪಾಸಿಗೆ ಏರಿದಾಗಲೆಲ್ಲ ಅಲ್ಯೂಮಿನಿಯಂ ಸ್ವಲ್ಪ ಸ್ವಲ್ಪವಾಗಿ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಕಳೆದುಹೋದ ಬಲ ತಂಪಾದಾಗ ಮರಳಿ ಬರುವುದಿಲ್ಲ. ಅಂದರೆ ಬೇಸಿಗೆಯ ಮಧ್ಯಾಹ್ನಗಳ ಮಿತಿಮೀರಿದ ಹೊರೆ, ಪದೇ ಪದೇ ಆದ ಶಾರ್ಟ್ ಸರ್ಕ್ಯೂಟ್ ಇವೆಲ್ಲ ತಂತಿಯ ಖಾತೆಯಲ್ಲಿ ಸಾಲದಂತೆ ಕೂಡುತ್ತಾ ಹೋಗುತ್ತವೆ. ಇದರೊಡನೆ ಗಾಳಿಯ ಸಣ್ಣ ಕಂಪನದಿಂದ ಹಿಡಿಕೆಗಳ ಬಳಿ ಎಳೆಗಳು ಸವೆಯುತ್ತವೆ. ಮಂಗಳೂರಿನಂತಹ ಕರಾವಳಿಯಲ್ಲಾದರೆ ಉಪ್ಪುಗಾಳಿಯಿಂದ ಉಕ್ಕಿನ ಮೇಲಿನ ಸತುವಿನ ಲೇಪ ಬೇಗ ತೀರಿ, ತುಕ್ಕು ಒಳಗಿನಿಂದಲೇ ಕೆಲಸ ಮಾಡುತ್ತದೆ. ಬೆಂಗಳೂರಿಗೆ ಈ ಕಾಟ ಕಡಿಮೆ.

ನಗರದ ಮಾರ್ಗಗಳಲ್ಲಿ ನಿಜವಾದ ದುರ್ಬಲ ಸ್ಥಾನ ತಂತಿಗಿಂತ ಜೋಡಣೆ ಎಂಬುದು ಈ ಲೇಖಕನ ಅಭಿಪ್ರಾಯ. ಗಾಳಿಗೆ ತೆರೆದ ಅಲ್ಯೂಮಿನಿಯಂ ಮೇಲೆ ಕ್ಷಣಾರ್ಧದಲ್ಲಿ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ, ಅದು ವಿದ್ಯುತ್ತಿಗೆ ತಡೆ. ಉಜ್ಜಿ ಶುದ್ಧಗೊಳಿಸದೆ, ಸರಿಯಾದ ತೋಳು ತೊಡಿಸಿ ಒತ್ತದೆ, ಕೈಯಿಂದ ತಿರುಚಿ ಕಟ್ಟಿದ ಜೋಡಣೆ ಅಂದಿಗೆ ಬೆಳಕು ಕೊಟ್ಟೀತು. ಆದರೆ 150 ಆಂಪಿಯರ್ ಹರಿಯುವ ಜೋಡಣೆಯ ರೋಧ 1 ಮಿಲಿಓಮ್ ಇದ್ದಾಗ ಅಲ್ಲಿ ಹುಟ್ಟುವ ಶಾಖ 22.5 ವ್ಯಾಟ್, ರೋಧ 10 ಮಿಲಿಓಮ್‌ಗೆ ಕೆಟ್ಟರೆ 225 ವ್ಯಾಟ್. ಶಾಖದಿಂದ ಆಕ್ಸೈಡ್, ಆಕ್ಸೈಡಿನಿಂದ ಮತ್ತಷ್ಟು ಶಾಖ. ತಾಮ್ರದ ಸರ್ವಿಸ್ ತಂತಿಯನ್ನು ಅಲ್ಯೂಮಿನಿಯಂ ಮಾರ್ಗಕ್ಕೆ ನೇರವಾಗಿ ಸುತ್ತಿದಲ್ಲಿ, ಮಳೆಗಾಲದ ತೇವ ಸೇರಿ ಕೊಳೆತ ಇನ್ನೂ ಬೇಗ.

ಆಯುಷ್ಯವನ್ನು ಮುಂದಾಗಿ ಅಂದಾಜಿಸುವ ಕ್ರಮ ಇದರಿಂದಲೇ ಹೊರಡುತ್ತದೆ. ಮೊದಲು ಪ್ರತಿ ಮಾರ್ಗಭಾಗಕ್ಕೂ ಎಳೆದ ವರ್ಷ, ಗಾತ್ರ, ಜೋಡಣೆಗಳ ಸಂಖ್ಯೆಗಳ ಪಟ್ಟಿ ಬೇಕು. ಬಳಿಕ ಉಪಕೇಂದ್ರದ ಮಾಪಕ ದಾಖಲಿಸುವ ಫೀಡರ್‌ನ ಗಂಟೆಗಂಟೆಯ ಹೊರೆಯಿಂದ ತಂತಿ ಎಷ್ಟು ಗಂಟೆ ಬಿಸಿಯಾಗಿತ್ತೆಂದು ಲೆಕ್ಕ ಹಾಕಬಹುದು. ಹೊರೆ ಅತ್ಯಧಿಕವಿದ್ದಾಗ ಅತಿಗೆಂಪು ಕ್ಯಾಮೆರಾದಿಂದ ನೋಡಿದರೆ ಕಾದ ಜೋಡಣೆ ದೀಪದಂತೆ ಕಾಣುತ್ತದೆ. ಹೊರೆಯಿಲ್ಲದ ಬೆಳಗಿನ ಜಾವ ಮಾಡಿದ ತಪಾಸಣೆ ಕಾಗದಕ್ಕಷ್ಟೇ ಉಪಯೋಗ. ಬದಲಿಸಿ ತೆಗೆದ ಹಳೆಯ ತಂತಿಯನ್ನು ಗುಜರಿಗೆ ಹಾಕುವ ಮುನ್ನ ಒಂದು ತುಂಡನ್ನು ಎಳೆದು, ತಿರುಚಿ ಪರೀಕ್ಷಿಸಿದರೆ ಅದೇ ಕಾಲದ ಉಳಿದ ತಂತಿಗಳ ಸ್ಥಿತಿ ತಿಳಿಯುತ್ತದೆ. ಬ್ರಿಟನ್ನಿನ ವಿತರಣಾ ಕಂಪನಿಗಳು ಇಂತಹ ಮಾಹಿತಿಯನ್ನು ಕೂಡಿಸಿ ಪ್ರತಿ ಆಸ್ತಿಗೂ ಒಂದು ಆರೋಗ್ಯಾಂಕ ನೀಡುತ್ತವೆ. ಹೊಸದಕ್ಕೆ 0.5, ಅಂಕ ಏರಿದಂತೆ ಸ್ಥಿತಿ ಕೆಟ್ಟಿದೆಯೆಂದು ಅರ್ಥ, 10ರವರೆಗೆ ಹೋಗುತ್ತದೆ. ಬದಲಾವಣೆಯ ಸರದಿಯನ್ನು ಆ ಅಂಕ ಹಾಗೂ ತುಂಡಾದರೆ ಆಗುವ ಹಾನಿ ಎರಡನ್ನೂ ನೋಡಿ ನಿರ್ಧರಿಸಲಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ತುಂಡಾದ ತಂತಿಗಳ ಸರಾಸರಿ ವಯಸ್ಸನ್ನೇ ಎಲ್ಲ ತಂತಿಗಳ ಆಯುಷ್ಯವೆಂದರೆ, ಬಾಕಿ ಉಳಿಸಿಕೊಂಡವರ ಲೆಕ್ಕವನ್ನಷ್ಟೇ ನೋಡಿ ಎಲ್ಲ ಗಿರಾಕಿಗಳನ್ನೂ ಅಳೆದಂತಾಗುತ್ತದೆ. ಇನ್ನೂ ಗಟ್ಟಿಯಾಗಿರುವ ತಂತಿಗಳೂ ಲೆಕ್ಕದೊಳಗೆ ಬರಬೇಕು. ಹಾಗೆಯೇ ವೈಫಲ್ಯದ ದಾಖಲೆಯಲ್ಲಿ ಬರಿಯ ‘ತಂತಿ ತುಂಡು’ ಎಂದಿದ್ದರೆ ಸಾಲದು. ಜೋಡಣೆಯಲ್ಲೋ, ಕಂಬಗಳ ನಡುವೆಯೋ, ಮರ ಬಿದ್ದೋ ಎಂದು ಬರೆದಿರಬೇಕು.

ಬದಲಿಸುವಾಗ ಅದೇ ಗಾತ್ರದ ತಂತಿ ಹಾಕುವುದು ಅನೇಕ ವೇಳೆ ದುಬಾರಿ ಉಳಿತಾಯ. ವೀಸೆಲ್ ಬದಲು ರ‍್ಯಾಬಿಟ್ ಎಳೆದರೆ ಅಷ್ಟೇ ಹೊರೆಗೆ ತಂತಿಯಲ್ಲಿ ಪೋಲಾಗುವ ವಿದ್ಯುತ್ ಸುಮಾರು ಶೇಕಡಾ 40ರಷ್ಟು ತಗ್ಗುತ್ತದೆ, ಕಂಬಗಳು ಹೆಚ್ಚಿನ ಭಾರ ತಾಳಬೇಕಷ್ಟೆ. ಬೆಂಗಳೂರಿನ ಅನೇಕ ಕಡೆಗಳಲ್ಲಿ ಬೆಸ್ಕಾಂ 11 ಕಿಲೋವೋಲ್ಟ್ ಮಾರ್ಗಗಳನ್ನು ನೆಲದಡಿಯ ಕೇಬಲ್ಲಿಗೆ ಬದಲಿಸಿದೆ. ಮರ, ಗಾಳಿಗಳ ತೊಂದರೆ ಅಲ್ಲಿಲ್ಲ. ಜೋಡಣೆಯ ತೊಂದರೆ ಇದ್ದೇ ಇದೆ, ಕಣ್ಣಿಗೆ ಕಾಣದು ಎಂಬುದೊಂದೇ ವ್ಯತ್ಯಾಸ.

ಸದಸ್ಯರಿಂದ ಆಗಬೇಕಾದ ಕೆಲಸವೂ ಇದೆ. ಮೂರೂ ಫೇಸುಗಳ ವೋಲ್ಟೇಜನ್ನು ದಿನಕ್ಕೆರಡು ಬಾರಿ, ಯಂತ್ರಗಳು ಪೂರ್ಣವಾಗಿ ನಡೆಯುತ್ತಿರುವಾಗ ಬರೆದಿಡಬೇಕು. ಒಂದು ಫೇಸಿನ ದೀಪ ಮಂಕಾಗಿ ಇನ್ನೊಂದರದು ಪ್ರಖರವಾದರೆ ನ್ಯೂಟ್ರಲ್ ಜೋಡಣೆ ಸಡಿಲಗೊಂಡಿರುವ ಸಂಭವವುಂಟು; ಕೂಡಲೇ ಮುಖ್ಯ ಸ್ವಿಚ್ ಆರಿಸಿ 1912ಕ್ಕೆ ದೂರು ಸಲ್ಲಿಸಿ ದೂರಿನ ಸಂಖ್ಯೆ ಪಡೆಯುವುದು ಒಳ್ಳೆಯದು, ಇಲ್ಲವಾದರೆ ಗಣಕಯಂತ್ರಗಳು ಸುಟ್ಟುಹೋಗಬಹುದು. ರಾತ್ರಿ ಕಂಬದ ಮೇಲೆ ಕಿಡಿ ಕಂಡರೆ ಕಂಬದ ಗುರುತು, ವೇಳೆಗಳನ್ನು ತಿಳಿಸಬೇಕು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದರ ಪರಿಷ್ಕರಣೆಯ ಅರ್ಜಿಗಳ ಮೇಲೆ ಸಾರ್ವಜನಿಕ ವಿಚಾರಣೆ ನಡೆಸುವಾಗ, ದರ ಹೆಚ್ಚಿತೆಂಬ ಆಕ್ಷೇಪದ ಜೊತೆಗೆ ನಮ್ಮ ಫೀಡರಿನ ಅಡಚಣೆಗಳಲ್ಲಿ ಎಷ್ಟು ಜೋಡಣೆಯಿಂದಾದವು, ಎಷ್ಟು ಕಿಲೋಮೀಟರ್ ತಂತಿಯನ್ನು ಯಾವ ಆಧಾರದ ಮೇಲೆ ಬದಲಿಸಲಾಯಿತು ಎಂದು ಲಿಖಿತವಾಗಿ ಕೇಳಲು ಅವಕಾಶವಿದೆ. ಆಗ ಕೈಯಲ್ಲಿರುವ ವೋಲ್ಟೇಜ್ ಪುಸ್ತಕ ಉಪಯೋಗಕ್ಕೆ ಬರುತ್ತದೆ.