ಗೆಳೆಯನ ಮೇಲೆ ಗುಮಾನಿ: ಗುಂಪಿನ ತೀರ್ಪು ಬೇರೆ, ಕಾನೂನು ಬೇರೆ

ಬೆಳ್ಳಂದೂರಿನ ಪಿಜಿಯೊಂದರಿಂದ ಹೊರಟ ಹುಡುಗ ರಾತ್ರಿ ವಾಪಸ್ ಬರಲಿಲ್ಲ ಎಂದಿಟ್ಟುಕೊಳ್ಳಿ. ಊರಿನಿಂದ ಅಪ್ಪ ಅಮ್ಮ ಬಸ್ಸು ಹತ್ತುವ ಮೊದಲೇ ವಾಟ್ಸ್ಆ್ಯಪ್ ಗುಂಪಿನಲ್ಲಿ ತೀರ್ಪು ಬಂದಿರುತ್ತದೆ: "ಆ ಫ್ರೆಂಡ್‌ದೇ ಕೆಲಸ. ದುಡ್ಡಿಗೆ ಜಗಳ ಆಗಿತ್ತಂತೆ, ಸೇಡು ತೀರಿಸ್ಕೊಂಡಿದಾನೆ." ದೂರು ಕೊಡುವ ವಿಷಯ ಬಂದಾಗ ಮಾತ್ರ ಅದೇ ಗುಂಪು "24 ಗಂಟೆ ಕಾಯಬೇಕು" ಎನ್ನುತ್ತದೆ.

ಕಾಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ದೂರನ್ನು ಆಗಲೇ ಕೊಡಬಹುದು. ಕಾಣೆಯಾದವರು ಮಕ್ಕಳಾದರೆ ಎಫ್ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಕಾದರೆ ಏನು ಹೋಗುತ್ತದೆ ಎಂಬುದನ್ನು ಗೇಟಿನ ಪಕ್ಕದ ಸಿಸಿ ಕ್ಯಾಮೆರಾದ ಡಿವಿಆರ್ ಡಬ್ಬ ನೋಡಿ ತಿಳಿಯಬೇಕು: ಡಿಸ್ಕ್ ತುಂಬಿದೊಡನೆ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ. ಕರೆ ವಿವರಗಳನ್ನು ಮೊಬೈಲ್ ಕಂಪನಿಗಳು 2 ವರ್ಷ ಇಟ್ಟಿರಬೇಕು ಎಂಬ ನಿಯಮ 2021ರ ಡಿಸೆಂಬರ್‌ನಿಂದ ಇದೆ. ಬೇಕರಿ ಮುಂದಿನ ಕ್ಯಾಮೆರಾ ಅಷ್ಟು ದಿನ ಯಾರಿಗೂ ಕಾಯುವುದಿಲ್ಲ.

"ನಮ್ಮ ಲಿಮಿಟ್ ಅಲ್ಲ" ಎಂದು ಠಾಣೆಯಲ್ಲಿ ಹೇಳುವ ಮಾತೂ ಅಷ್ಟೇ. ಪಿಜಿ ಬೆಳ್ಳಂದೂರು ಠಾಣೆಗೆ, ಆಫೀಸು ಎಚ್ಎಸ್ಆರ್ ಲೇಔಟ್ ಠಾಣೆಗೆ, ಬೈಕ್ ಸಿಕ್ಕ ಜಾಗ ಸರ್ಜಾಪುರ ಠಾಣೆಗೆ ಸೇರಿರಬಹುದು. ಅಪಹರಣದಂಥ ಅಪರಾಧದ ಸುಳಿವಿದ್ದರೆ ಯಾವ ಠಾಣೆಯಾದರೂ ಝೀರೋ ಎಫ್ಐಆರ್ ಬರೆದುಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಇದಿದೆ.

ಟವರ್ ಲೊಕೇಶನ್ ಮೇಲೆ ಜನಕ್ಕಿರುವ ನಂಬಿಕೆ ದೇವರ ಮೇಲೂ ಇಲ್ಲ. ಟವರ್ ದಾಖಲೆ ತೋರಿಸುವುದು ಫೋನು ಯಾವ ದಿಕ್ಕಿನ ಆಂಟೆನಾದ ವ್ಯಾಪ್ತಿಯಲ್ಲಿತ್ತು ಎಂಬುದನ್ನಷ್ಟೇ. ಯಾವ ಮನೆ ಎಂದು ಅದು ಹೇಳದು. 2017ರ ಡಿಸೆಂಬರ್ 18ರಂದು ವೈಟ್‌ಫೀಲ್ಡ್‌ನಿಂದ ಕಾರು ಮಾರಲೆಂದು ಹೋದ ಟೆಕಿಯೊಬ್ಬರ ಪ್ರಕರಣ ನೆನಪಿರಬಹುದು. ಪೊಲೀಸರಾದರು, ಸಿಐಡಿ ಆಯಿತು, 2018ರಲ್ಲಿ ಹೈಕೋರ್ಟ್ ಅದನ್ನು ಸಿಬಿಐಗೆ ಒಪ್ಪಿಸಿತು. ಫೋನಿನ ಜಾಡು ಇದ್ದೂ ಇಷ್ಟು ಕೈ ಬದಲಾಯಿತು.

ಇನ್ನು ಗೆಳೆಯನ ವಿಷಯ. ಗುಮಾನಿ ಸುಮ್ಮನೆ ಹುಟ್ಟಿದ್ದಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಕೆಂಗೇರಿ ಕಡೆಯ 19ರ ವಿದ್ಯಾರ್ಥಿಯೊಬ್ಬ ಕಾಣೆಯಾದ. 50 ಲಕ್ಷ ರೂಪಾಯಿ ಕೇಳುವ ವಿಡಿಯೊ ಮನೆಗೆ ಬಂತು. ಕೊನೆಗೆ ಶವ ಸಿಕ್ಕಿತು. ಪೊಲೀಸರು ಹಿಡಿದವರಲ್ಲಿ ಆ ಮನೆಯವರ ಪರಿಚಯದ ಗೆಳೆಯನೇ ಇದ್ದ. ಆದರೆ ಪೊಲೀಸರು ಹೇಳಿದ ಕಾರಣ ಹಣ, ಹಳೆಯ ಹಗೆಯಲ್ಲ. ಹಗೆಯನ್ನೇ ಹುಡುಕುತ್ತ ಕೂತಿದ್ದರೆ ಮನೆಮಂದಿ ಯಾರ ಕಡೆ ಬೆರಳು ಮಾಡುತ್ತಿದ್ದರೋ.

ಹಗೆ ಇತ್ತು, ಕೊನೆಗೆ ಜೊತೆಗಿದ್ದವನೂ ಅವನೇ ಎಂದಾದರೂ ಸಾಲದು. ಕೊನೆಗೆ ಜೊತೆಗೆ ಕಂಡ ಮಾತ್ರಕ್ಕೆ ಶಿಕ್ಷೆ ಕೊಡಲಾಗದೆಂದು ಸುಪ್ರೀಂ ಕೋರ್ಟ್ 2014ರ ಕನ್ಹಯ್ಯಲಾಲ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಸರಪಳಿಯ ಉಳಿದ ಕೊಂಡಿಗಳೂ ಬೇಕು.

"ಒಪ್ಕೊಂಡ್ನಂತೆ, ಕೇಸ್ ಮುಗೀತು" ಎಂದು ಟಿವಿ ಕೂಗುತ್ತದಲ್ಲ, ಕೇಸಿನ ಕಷ್ಟ ಶುರುವಾಗುವುದೇ ಅಲ್ಲಿ. ಪೊಲೀಸರೆದುರಿನ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ನಿಲ್ಲುವುದಿಲ್ಲ. ಬಂಧಿತನೊಬ್ಬ, "ಸೇಡಿಗೆ ಕೊಂದೆ, ಚಾಕು ಕೆರೆ ಏರಿಯ ಪೊದೆಯಲ್ಲಿಟ್ಟಿದ್ದೇನೆ, ತೋರಿಸುತ್ತೇನೆ" ಎಂದ ಎನ್ನೋಣ. ಅಲ್ಲಿ ಚಾಕು ಸಿಕ್ಕರೆ, ಪೊದೆಯ ಮಾತು ಮಾತ್ರ ಕೋರ್ಟಿನೊಳಗೆ ಬರುತ್ತದೆ. "ಸೇಡಿಗೆ ಕೊಂದೆ" ಎಂಬುದು ಬಾಗಿಲ ಹೊರಗೇ ಉಳಿಯುತ್ತದೆ. ಮಂಪರು ಪರೀಕ್ಷೆಯೂ ಬಲವಂತವಾಗಿ ಮಾಡುವಂತಿಲ್ಲ. ಹಾಗೆಂದ ಸುಪ್ರೀಂ ಕೋರ್ಟಿನ 2010ರ ತೀರ್ಪು ಬಂದದ್ದು ನಮ್ಮ ರಾಜ್ಯವೇ ಎದುರುದಾರನಾಗಿದ್ದ ಸೆಲ್ವಿ ಪ್ರಕರಣದಲ್ಲಿ.

ಹಾಗೆಂದು "ಶವ ಸಿಗದಿದ್ದರೆ ಕೊಲೆ ಕೇಸೇ ಇಲ್ಲ" ಎಂದು ಯಾರೂ ನಿಶ್ಚಿಂತರಾಗಬೇಕಿಲ್ಲ. ಸಾವು ನಡೆದದ್ದು ಬೇರೆ ಸಾಕ್ಷ್ಯಗಳಿಂದ ಗಟ್ಟಿಯಾಗಿ ಸಾಬೀತಾದರೆ ಶವವಿಲ್ಲದೆಯೂ ಶಿಕ್ಷೆಯಾಗಬಹುದು. ಹಿಮಾಚಲದ ರಾಮಾನಂದ್ ಪ್ರಕರಣದಲ್ಲಿ 1981ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತಿದ್ದಾರೆಂದು ಭಾವಿಸುವ ನಿಯಮವನ್ನೂ ಜನ ಫೈಲು ಮುಚ್ಚುವ ಗಡುವೆಂದು ತಿಳಿದಿದ್ದಾರೆ. ಆಸ್ತಿ, ವಿಮೆಯಂಥ ವಿಷಯಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಯಾವಾಗ ಸತ್ತರು, ಯಾರಿಂದ ಸತ್ತರು ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ಕೊಲೆ ಕೇಸಿಗೆ ಕಾಲಮಿತಿಯೂ ಇಲ್ಲ.